ದೇವರ ಡಬ್ಬಿಗೆ ಹಾಕಿದ ತೌಡು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂಬುದನ್ನು ನನ್ನ ಅತ್ತೆ ಮದುವೆಯಾದ ಮೊದಲ ವಾರದಲ್ಲೇ ಕಂಡುಹಿಡಿದರು. ಆಗಲೇ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂಬುದೂ ಅವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೆ ನನ್ನ ಸಿಟ್ಟು ತಿಳಿಯುವುದಕ್ಕೆ ಕಣ್ಣು ಬೇಕಿರಲಿಲ್ಲ. ನಾನು ಪಾತ್ರೆ ಇಡುವ ಸದ್ದು ಸಾಕಾಗಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಡೊಂಬಿವಲಿ ಪೂರ್ವದ ಒಂದು ಚಾಳಿನ ಒಂದೇ ಕೋಣೆಯಲ್ಲಿ ನಾವು ನಾಲ್ವರಿದ್ದೆವು: ನಾನು, ನಮ್ಮ ಮನೆಯವರು, ಅವರ ತಾಯಿ, ಆರು ವರ್ಷದ ನಮ್ಮ ಮಗಳು. ನಾವು ಗುಲಬರ್ಗಾ ಕಡೆಯ ಕ್ರೈಸ್ತರು. ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗನನ್ನು ಸೊಂಟಕ್ಕೆ ಕಟ್ಟಿಕೊಂಡು ಮುಂಬಯಿ ರೈಲು ಹತ್ತಿದವರು. ಕಟ್ಟಡದ ಕೆಲಸಗಳಲ್ಲಿ ಗಾರೆ ಬುಟ್ಟಿ ಹೊತ್ತು ಮಗನನ್ನು ಬೆಳೆಸಿದರು. ಆ ಮಗ ಅಂಬರನಾಥದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಸೇರಿದ. ನಮ್ಮ ಮನೆಯವರ ಉಗುರಿನ ಸಂದಿಯಲ್ಲಿ ಒಂದೊಂದು ವಾರ ಒಂದೊಂದು ಬಣ್ಣ ಇರುತ್ತಿತ್ತು. ಯಾವ ಸಾಬೂನಿಗೂ ಅದು ಹೋಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಸ್ಟೋವಿನ ಪಕ್ಕಕ್ಕೆ ಒಂದು ತಗಡಿನ ಡಬ್ಬಿ ಇತ್ತು. ಹಿಂದೆ ವನಸ್ಪತಿ ತುಂಬಿ ಬಂದಿದ್ದು. ಅದನ್ನು ದೇವರ ಡಬ್ಬಿ ಎನ್ನುತ್ತಿದ್ದರು. ಪ್ರತಿದಿನ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುವ ಮೊದಲು ಒಂದು ಹಿಡಿ ಹಿಟ್ಟು ಆ ಡಬ್ಬಿಗೆ ಹಾಕಬೇಕು. ಭಾನುವಾರ ಅದನ್ನು ಕಲ್ಯಾಣದ ನಮ್ಮ ಸಭೆಗೆ ಒಯ್ದು ದೊಡ್ಡ ಚೀಲಕ್ಕೆ ಸುರಿಯಬೇಕು. ಸಭೆ ಎಂದರೆ ದೊಡ್ಡ ಕಟ್ಟಡವೇನಲ್ಲ. ಒಂದು ಮರಾಠಿ ಶಾಲೆಯ ಕೋಣೆಯನ್ನು ಭಾನುವಾರದ ಮಟ್ಟಿಗೆ ತೆಗೆದುಕೊಂಡಿದ್ದರು. ಚಿಕ್ಕ ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತು ನಾವು ಹಾಡುತ್ತಿದ್ದೆವು. ತಿಂಗಳ ಮೊದಲ ಭಾನುವಾರ ಕಳೆದ ಮೇಲೆ, ಸೋಮವಾರ ಆ ಚೀಲ ಯಾರೋ ಕಷ್ಟದಲ್ಲಿರುವವರ ಮನೆಗೆ ಹೋಗುತ್ತಿತ್ತು. ಯಾರ ಮನೆಗೆ ಎಂದು ಸಭೆ ನಡೆಸುವ ಅಯ್ಯನವರ ಹೆಂಡತಿಗೆ ಮಾತ್ರ ಗೊತ್ತು ಎಂದು ನಾನು ತಿಳಿದಿದ್ದೆ. ಅವರನ್ನು ನಾವೆಲ್ಲ ಅಮ್ಮನವರು ಎಂದು ಕರೆಯುತ್ತಿದ್ದೆವು.

ಅತ್ತೆಗೆ ಈ ಡಬ್ಬಿಯ ವಿಷಯದಲ್ಲಿ ತಮಾಷೆ ನಡೆಯುತ್ತಿರಲಿಲ್ಲ.

"ಈ ಹಿಡಿ ಹಿಟ್ಟು ನಾ ಕೊಟ್ಟ ಮಾತು," ಎನ್ನುತ್ತಿದ್ದರು. "ಕೈ ಬಿಡಂಗಿಲ್ಲ ಅಂತ ದೇವರು ಕೊಟ್ಟ ಮಾತು. ನಾ ಎಷ್ಟ ಸಲ ತಪ್ಪೀನೋ ಯಾರಿಗಿ ಗೊತ್ತು. ಅವ ಒಂದ ಸಲಾನೂ ತಪ್ಪಿಲ್ಲ."

ಆ ವರ್ಷ ಜನವರಿಯಲ್ಲಿ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಯೂನಿಯನ್ನಿನವರಿಗೂ ಮಾಲಕರಿಗೂ ಏನೋ ಜಗಳ. ನಮ್ಮ ಮನೆಯವರು ಮೊದಲೆರಡು ವಾರ ದಿನಾ ಗೇಟಿಗೆ ಹೋಗಿ ಘೋಷಣೆ ಕೂಗಿ ಬಂದರು. ಆಮೇಲೆ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಚೀಲ ಹೊರುವುದಕ್ಕೆ ಹೋಗತೊಡಗಿದರು. ಅಲ್ಲಿ ಮೊದಲಿನಿಂದ ಇದ್ದ ಹಮಾಲರು ಹೊಸಬರಿಗೆ ವಾರಕ್ಕೆ ಎರಡು ದಿನ ಕೆಲಸ ಬಿಟ್ಟುಕೊಟ್ಟರೆ ದೊಡ್ಡ ಮಾತು. ನಾನು ಚಾಳಿನ ಒಬ್ಬ ಮರಾಠಿ ಹೆಂಗಸಿನ ಮನೆಯಲ್ಲಿ ಪಾಪಡ್ ಲಟ್ಟಿಸಲು ಕೂತೆ. ಹಿಟ್ಟಿನ ಡಬ್ಬಿಯ ತಳ ಕಾಣುವುದಕ್ಕೆ ತಡವಾಗಲಿಲ್ಲ.

ಆಗ ನಮ್ಮ ಮನೆಯವರು ಒಂದು ಮಾತು ಎತ್ತಿದರು.

"ಊರ ಕಡಿ ಹಾಸ್ಟೆಲ್‌ಗೆ ಒಂದು ಪತ್ರ ಬರೀತೀನಿ. ಜೂನ್‌ದಾಗ ಇದಕ ಸೀಟ್ ಕೇಳತೀನಿ," ಎಂದರು, ಮಗಳ ಕಡೆ ನೋಡುತ್ತ.

ನಾನು ಲಟ್ಟಣಿಗೆ ನೆಲಕ್ಕೆ ಕುಕ್ಕಿದೆ. "ಯಾವುದಕ?"

"ಅಲ್ಲಿ ಎರಡ ಹೊತ್ತು ಊಟ ಸಿಗ್ತದ. ಇಲ್ಲಿ ಏನ್ ತಿನ್ಸ್ತಿ ಅದಕ?"

"ನಾ ಏನ್ ತಿಂತೀನೋ ಅದ."

"ನೀ ಏನ್ ತಿನ್ಲಿಕತ್ತಿ?" ಎಂದು ಅವರು ಕೇಳಿದರು.

ಆ ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು. ಆರು ವರ್ಷಕ್ಕೆ ನನ್ನನ್ನು ಅಲ್ಲಿ ಬಿಟ್ಟರು, ಮದುವೆಯ ವಯಸ್ಸಿಗೆ ಅಲ್ಲಿಂದಲೇ ಹೊರಬಂದೆ. ಹೊಟ್ಟೆಗೆ ಕಡಿಮೆ ಮಾಡಲಿಲ್ಲ, ಹೊಡೆಯಲಿಲ್ಲ, ಓದು ಬರಹ ಕಲಿಸಿದರು. ಅಲ್ಲಿನವರ ಬಗ್ಗೆ ಕೆಟ್ಟದ್ದಾಡಿದರೆ ನನ್ನ ನಾಲಗೆ ಬಿದ್ದುಹೋಗಲಿ. ಆದರೆ ಮೊದಲ ವರ್ಷದ ರಜೆಗೆ ನನ್ನ ತಾಯಿ ಕರೆದೊಯ್ಯಲು ಬಂದಾಗ, ಗೇಟಿನ ಬಳಿ ನಿಂತಿದ್ದ ನಾಲ್ಕೈದು ಹೆಂಗಸರಲ್ಲಿ ನನ್ನವ್ವ ಯಾರು ಎಂದು ನನಗೆ ಗೊತ್ತಾಗಲಿಲ್ಲ. ನಾನು ಬೇರೆ ಯಾರದೋ ಸೆರಗು ಹಿಡಿದೆ. ಆಗ ನನ್ನವ್ವನ ಮುಖದಲ್ಲಿ ಆದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ನನ್ನ ಮಗಳು ನನ್ನ ಕೈಯ ರೊಟ್ಟಿ ತಿಂದೇ ದೊಡ್ಡವಳಾಗಬೇಕು ಎಂದು ಅವಳು ಹುಟ್ಟಿದ ದಿನವೇ ತೀರ್ಮಾನಿಸಿದ್ದೆ. ಅದಕ್ಕೆ ಅಡ್ಡ ಬಂದವರು ಗಂಡನಾಗಲಿ ದೇವರಾಗಲಿ, ನಾನು ಬಿಡುವವಳಲ್ಲ.

ಅವರು ಪತ್ರ ಬರೆದೇಬಿಟ್ಟರು. ಜೂನ್ ಬರುವುದರೊಳಗೆ ಈ ಮನೆಯಲ್ಲಿ ಹಿಟ್ಟು ಇದೆ ಎಂದು ತೋರಿಸಿದರೆ ಮಗಳು ಉಳಿಯುತ್ತಾಳೆ, ಇಲ್ಲದಿದ್ದರೆ ಹೋಗುತ್ತಾಳೆ ಎಂದು ನನಗೆ ಅರ್ಥವಾಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಹಿಟ್ಟು ತೆಗೆದುಕೊಂಡು ದೇವರ ಡಬ್ಬಿಯ ಮುಚ್ಚಳ ತೆರೆದೆ. ಕೈಯಲ್ಲಿದ್ದ ಹಿಡಿಯನ್ನು ನೋಡಿದೆ. ಅದು ಮಗಳಿಗೆ ಅರ್ಧ ರೊಟ್ಟಿ. ಒಳಗೆ ಏನೂ ಹಾಕದೆ ಮುಚ್ಚಳ ಮುಚ್ಚಿದೆ.

ಅತ್ತೆ ಮಂಚದ ಮೇಲೆ ಕೂತಿದ್ದರು. ದಿನಾ ಬೆಳಿಗ್ಗೆ ಆ ಮುಚ್ಚಳದ ಸದ್ದು ಕೇಳಿದ ಮೇಲೇ ಅವರು ಬಾಯಿ ತೊಳೆಯಲು ಏಳುತ್ತಿದ್ದದ್ದು. ಸದ್ದು ಕೇಳಿತು, ಎದ್ದರು.

ದೇವರಿಗೆ ನಾನು ಮನಸ್ಸಿನಲ್ಲೇ ಹೇಳಿದೆ: ಮಾತು ಮೊದಲು ತಪ್ಪಿದವನು ನೀನು. ಗೇಟಿಗೆ ಬೀಗ ಬೀಳುವಾಗ ಎಲ್ಲಿದ್ದೆ? ನೀನು ಗೇಟು ತೆಗೆಸು, ನಾನು ಮುಚ್ಚಳದೊಳಗೆ ಹಿಟ್ಟು ಹಾಕುತ್ತೇನೆ. ಹೀಗೆ ಜಗಳ ಮಾಡಿದ್ದರಿಂದ ಕಳ್ಳತನ ಮಾಡಿದ ಹಾಗೆ ಅನ್ನಿಸಲೇ ಇಲ್ಲ.

ತೊಂದರೆ ಇದ್ದದ್ದು ಭಾರದಲ್ಲಿ. ಭಾನುವಾರ ರೈಲಿನಲ್ಲಿ ಡಬ್ಬಿ ಅತ್ತೆಯ ತೊಡೆಯ ಮೇಲೇ ಇರುತ್ತಿತ್ತು. ಡೊಂಬಿವಲಿಯಲ್ಲಿ ಹತ್ತಿದರೆ ಠಾಕುರ್ಲಿ, ಆಮೇಲೆ ಕಲ್ಯಾಣ. ಅಷ್ಟು ಸಾಕು, ಕಣ್ಣಿಲ್ಲದವರಿಗೆ ತೊಡೆಯೇ ತಕ್ಕಡಿ. ನಾನು ಯೋಚನೆ ಮಾಡಿದೆ. ನಮ್ಮ ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನೆಲಕ್ಕೆ ಬಿದ್ದದ್ದನ್ನು ಗುಡಿಸಿ ಒಂದು ಮೂಲೆಗೆ ಹಾಕುತ್ತಿದ್ದರು. ತೌಡು, ಹೊಟ್ಟು, ಅಷ್ಟಿಷ್ಟು ಹಿಟ್ಟು. ಹಾಲು ಮಾರುವ ತಬೇಲಾದವರು ತಮ್ಮ ಎಮ್ಮೆಗಳಿಗೆ ಒಯ್ಯುತ್ತಿದ್ದರು. ಎಮ್ಮೆಗೆ ಬೇಕು ಎಂದು ನಾನೂ ಒಂದು ಚೀಲದ ತುಂಬ ಕೇಳಿ ತಂದೆ. ಯಾವ ಎಮ್ಮೆ ಎಂದು ಗಿರಣಿಯವನು ಕೇಳಲಿಲ್ಲ.

ಕೆಳಗೆ ತೌಡು ಮೇಲೆ ಹಿಟ್ಟು ಹಾಕಿದರೆ, ಚೀಲಕ್ಕೆ ಸುರಿದಾಗ ತೌಡೇ ಮೇಲೆ ಬರುತ್ತದೆ ಎಂಬಷ್ಟು ಬುದ್ಧಿ ನನಗಿತ್ತು. ಅದಕ್ಕೇ ತೌಡಿಗೆ ಎರಡು ಹಿಡಿ ಹಿಟ್ಟು ಬೆರೆಸಿ, ಚೆನ್ನಾಗಿ ಕಲೆಸಿ, ಡಬ್ಬಿಗೆ ಒತ್ತಿ ತುಂಬಿದೆ. ಸಭೆ ಮುಗಿದ ಮೇಲೆ ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡು ನಾನೇ ಚೀಲಕ್ಕೆ ಸುರಿದು, ಚೀಲದ ಬಾಯಿ ಹಿಡಿದು ಒಮ್ಮೆ ಕುಲುಕಿದೆ. ಹಿಂದಿದ್ದವರ ಹಿಟ್ಟು ಬಿದ್ದು ಎಲ್ಲ ಮುಚ್ಚಿಹೋಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಆ ತಿಂಗಳ ಕೊನೆಯ ಭಾನುವಾರ ಚೀಲದ ಬಳಿ ಇನ್ನೊಂದು ಸಂಗತಿ ನಡೆಯಿತು. ಕಲ್ಯಾಣ ಸ್ಟೇಷನ್ನಿನ ಹೊರಗೆ ಸೊಪ್ಪು ಮಾರುತ್ತಿದ್ದ ಒಬ್ಬ ವಿಧವೆ ನಮ್ಮ ಸಭೆಗೆ ಬರುತ್ತಿದ್ದಳು. ಬೀದರ ಕಡೆಯವಳು, ಮೂರು ಮಕ್ಕಳು. ಜ್ವರ ಬಂದು ತಿಂಗಳಿಡೀ ಮಲಗಿದ್ದವಳು ಅಂದೇ ಎದ್ದು ಬಂದಿದ್ದಳು. ಅವಳ ಸರದಿ ಬಂದಾಗ ಡಬ್ಬಿಯ ಮುಚ್ಚಳ ತೆಗೆದು ಚೀಲದ ಮೇಲೆ ಬೋರಲು ಹಿಡಿದಳು. ಒಂದು ಚಿಟಿಕೆ ಹಿಟ್ಟೂ ಬೀಳಲಿಲ್ಲ. ಸುತ್ತ ನಿಂತ ಹೆಂಗಸರೆಲ್ಲ ಒಟ್ಟಿಗೆ ಮುಖ ಬೇರೆ ಕಡೆ ತಿರುಗಿಸಿದರು. ಅವಳು ಖಾಲಿ ಡಬ್ಬಿ ಕಂಕುಳಿಗೆ ಇಟ್ಟುಕೊಂಡು ತಲೆ ತಗ್ಗಿಸಿ ಹೋದಳು.

ನನಗೆ ಮೈ ಉರಿಯಿತು. ಎಂಥ ಹೆಂಗಸರು ಇವರು, ಜ್ವರದಿಂದ ಎದ್ದವಳಿಗೆ ಮುಖ ತಿರುಗಿಸುತ್ತಾರಲ್ಲ ಎಂದುಕೊಂಡೆ. ನನ್ನ ಗತಿ ಹೀಗಾಗುವುದಕ್ಕೆ ನಾನು ಬಿಡುವುದಿಲ್ಲ ಎಂದೂ ಅಂದುಕೊಂಡೆ. ಮುಂದಿನ ವಾರ ಡಬ್ಬಿಗೆ ಇನ್ನೂ ಸ್ವಲ್ಪ ಹೆಚ್ಚೇ ತೌಡು ತುಂಬಿದೆ.

ಮಾರ್ಚ್ ಹೋಯಿತು, ಏಪ್ರಿಲ್ ಬಂತು. ಗೇಟು ತೆರೆಯಲಿಲ್ಲ. ಸಭೆಯಲ್ಲಿ ಯಾರಾದರೂ "ಹ್ಯಾಂಗ ನಡದದ್ರಿ ಮನಿ?" ಎಂದರೆ "ನಮಗೇನ್ ಕಮ್ಮಿ ಇಲ್ಲ್ರಿ, ದೇವರಿಗಿ ಸ್ತೋತ್ರ" ಎನ್ನುತ್ತಿದ್ದೆ. ಅತ್ತೆಗೆ ಒಂದೂವರೆ ರೊಟ್ಟಿ, ಮನೆಯವರಿಗೆ ಎರಡು, ಮಗಳಿಗೆ ಒಂದು, ನನಗೆ ಉಳಿದ ಚೂರು. "ನೀ ಉಂಡ್ಯಾ?" ಎಂದು ಅತ್ತೆ ಕೇಳಿದಾಗ ಖಾಲಿ ತಾಟಿನಲ್ಲಿ ಬೆರಳು ಆಡಿಸಿ ಸದ್ದು ಮಾಡುತ್ತಿದ್ದೆ. ಸದ್ದುಗಳನ್ನು ಹುಟ್ಟಿಸುವುದರಲ್ಲಿ ನಾನು ಅಷ್ಟು ಪಳಗಿಬಿಟ್ಟಿದ್ದೆ.

ಏಪ್ರಿಲ್ ಮುಗಿಯುವಾಗ ಹಾಸ್ಟೆಲ್ಲಿನಿಂದ ಉತ್ತರ ಬಂತು. ನಮ್ಮ ಮನೆಯವರು ಗಟ್ಟಿಯಾಗಿ ಓದಿದರು. ಸೀಟು ಇದೆ, ಜೂನ್ ಮೊದಲ ವಾರದೊಳಗೆ ಮಗುವನ್ನು ಕರೆತನ್ನಿ ಎಂದಿತ್ತು. ಮಗಳು ಬಾಗಿಲಲ್ಲಿ ಕೂತು ಬಿಲ್ಲೆಯಾಟದ ಬಿಲ್ಲೆ ಉಜ್ಜುತ್ತಿದ್ದಳು. ನಮ್ಮ ಮಾತೆಲ್ಲ ಅವಳಿಗೆ ತಿಳಿಯುತ್ತಿತ್ತು, ಆದರೆ ಉತ್ತರ ಮಾತ್ರ ಚಾಳಿನ ಮಕ್ಕಳಿಂದ ಕಲಿತ ಮರಾಠಿಯಲ್ಲೇ ಕೊಡುತ್ತಿದ್ದಳು. ಬಿಲ್ಲೆ ಉಜ್ಜುವುದನ್ನು ನಿಲ್ಲಿಸದೆ, "ಮೀ ನಾಹೀ ಜಾಣಾರ" ಎಂದಳು. ನಾನು ಹೋಗುವುದಿಲ್ಲ ಎಂದು. ಅವಳ ಅಪ್ಪ ಪತ್ರ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಗೆ ಹೋದರು. ಅವರಿಗೂ ಕರುಳು ಇತ್ತು. ನಾನದನ್ನು ಆಗ ಒಪ್ಪಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ನಾನು ಕೊಡ ಎತ್ತಿಕೊಂಡು ನೀರಿನ ಸಾಲಿಗೆ ಹೋದೆ, ಅತ್ತೆ ಮನೆಯಲ್ಲೇ ಉಳಿದರು.

ಮುಂದಿನ ಭಾನುವಾರ ಮೇ ತಿಂಗಳ ಮೊದಲ ಭಾನುವಾರ. ನಾನು ನೀರಿನ ಸಾಲಿನಿಂದ ಬರುವಷ್ಟರಲ್ಲಿ ಅತ್ತೆ ಸೀರೆ ಉಟ್ಟು, ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಮುಟ್ಟಲು ಹೋದರೆ "ಇರ್ಲಿ, ನಾ ಹಿಡೀತೀನಿ" ಎಂದರು. ರೈಲಿನಲ್ಲೂ ಬಿಡಲಿಲ್ಲ, ಶಾಲೆಯ ಮೆಟ್ಟಿಲು ಹತ್ತುವಾಗಲೂ ಬಿಡಲಿಲ್ಲ.

ಸಭೆ ಮುಗಿದು ಹೆಂಗಸರು ಚೀಲದ ಬಳಿ ಸಾಲಾಗಿ ನಿಂತೆವು. ನಮ್ಮ ಸರದಿ ಬಂದಾಗ ಅತ್ತೆ ಗಂಟು ಬಿಚ್ಚಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಡಬ್ಬಿ ಹಗುರವಾಗಿತ್ತು.

"ಮುಚ್ಚಳ ತಗಿ," ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ.

ಹಿಂದೆ ಏಳೆಂಟು ಜನ ನಿಂತಿದ್ದರು. ಅಮ್ಮನವರು ಚೀಲದ ಬಾಯಿ ಅಗಲಿಸಿ ಹಿಡಿದಿದ್ದರು. ಮುಚ್ಚಳ ತೆಗೆದೆ. ಒಳಗೆ ತೌಡೂ ಇಲ್ಲ, ಹಿಟ್ಟೂ ಇಲ್ಲ. ಯಾರೋ ಒದ್ದೆ ಬಟ್ಟೆಯಿಂದ ಒರೆಸಿ ತಗಡು ಹೊಳೆಯುವಂತೆ ಮಾಡಿದ್ದರು. ಬೋರಲು ಹಿಡಿದೆ. ಹೆಂಗಸರೆಲ್ಲ ಒಟ್ಟಿಗೆ ಮುಖ ತಿರುಗಿಸಿದರು, ಸೊಪ್ಪಿನವಳೂ ತಿರುಗಿಸಿದಳು. ಅಮ್ಮನವರು ಚೀಲದ ಬಾಯಿ ಕಟ್ಟುವುದಕ್ಕೆ ಹುರಿ ಹುಡುಕತೊಡಗಿದರು.

ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ನನ್ನ ಬಾಯಿಗೆ ತಡೆ ಇರಲಿಲ್ಲ. ರೈಲಿಗೆ ಕಾದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಎಲ್ಲಾರ ಮುಂದ ನನ್ನ ಮಾನ ಕಳದ್ರಿ ಅತ್ತಿ. ಮೂರು ತಿಂಗಳಿಂದ ನಾ ಹೊಟ್ಟಿ ಕಟ್ಟಿ ಮನಿ ನಡಸ್ಲಿಕತ್ತೀನಿ, ನಿಮಗೇನ್ ಗೊತ್ತದ?"

"ಪತ್ರ ಓದಿದ ದಿನ ಡಬ್ಬಿಯಾಗ ಕೈ ಹಾಕಿ ನೋಡಿದೆ," ಎಂದರು ಅತ್ತೆ. ಅವರ ದನಿ ಏರಲಿಲ್ಲ. "ವಾರಾ ವಾರಾ ಡಬ್ಬಿ ಭಾರ ಇರ್ತಿತ್ತು. ನನ್ನ ಮಗನ ಮನ್ಯಾಗ ಹಿಟ್ಟು ಅದ, ಗೇಟ್ ಬಂದಾದ್ರೂ ಹಿಟ್ಟು ಅದ ಅಂತ ನಾ ಎಷ್ಟ ಸ್ತೋತ್ರ ಮಾಡೀನಿ ಗೊತ್ತೇನು ನಿನಗ? ಕೈಗಿ ತೌಡು ಹತ್ತಿತು."

ನಾನು ಖಾಲಿ ಡಬ್ಬಿಯನ್ನು ಸೆರಗಿನೊಳಗೆ ಸರಿಸಿಕೊಂಡೆ.

"ಇವತ್ತ ಮುಂಜಾನಿ ಅದೆಲ್ಲ ತಬೇಲಾಕ ಒಯ್ದು ಸುರುವಿ ಬಾ ಅಂತ ಮೊಮ್ಮಗಳ ಕೈಯಾಗ ಕೊಟ್ಟೆ. ನಾಳಿ ತನಕ ಸುಮ್ಮ ಇರು. ನಿನ್ನ ಸಿಟ್ಟು ಎಲ್ಲೂ ಓಡಿ ಹೋಗಂಗಿಲ್ಲ."

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಅಮ್ಮನವರು ನಿಂತಿದ್ದರು. ಅವರ ಹಿಂದೆ ಒಬ್ಬ ಹಮಾಲ, ಅವನ ತಲೆಯ ಮೇಲೆ ಆ ಹಿಟ್ಟಿನ ಚೀಲ. ಇಳಿಸಿ ಅವನು ಹೋದ ಮೇಲೆ ಅಮ್ಮನವರು ಒಳಗೆ ಬಂದು ಕೂತು ನೀರು ಕೇಳಿ ಕುಡಿದರು.

"ಇದು ಯಾಕ್ರಿ ಅಮ್ಮ ನಮ್ಮನಿಗಿ?" ಎಂದೆ. ನನ್ನ ದನಿ ಒರಟಾಗಿಯೇ ಇತ್ತು.

ಅವರು ನನ್ನನ್ನು ನೋಡಿ, ಅತ್ತೆಯನ್ನು ನೋಡಿ, ಮತ್ತೆ ನನ್ನನ್ನು ನೋಡಿದರು. "ಖಾಲಿ ಡಬ್ಬಿ ಬಂದ ಮನಿಗಿ ಚೀಲ ಹೋಗ್ತದ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಡಬ್ಬಿ ಇಟ್ಟ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಇದು ಹಾಲು ಕುಡಿಯುವ ವಯಸ್ಸಿನಿಂದ ಗೊತ್ತಿದ್ದ ಸಂಗತಿ. ಆದ್ದರಿಂದ ನನಗೆ ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಹಾಸ್ಟೆಲ್ಲಿನಲ್ಲಿ ದೇವರ ಡಬ್ಬಿ ಇರಲಿಲ್ಲ, ಅಲ್ಲಿ ನಾವು ಗಂಟೆ ಹೊಡೆದಾಗ ತಟ್ಟೆ ಹಿಡಿದವರು. ಕಷ್ಟದಲ್ಲಿರುವವರು ಬಾಯಿ ಬಿಟ್ಟು ಕೇಳುವ ಹಾಗಾಗಬಾರದು ಎಂದು ಹಿರಿಯರು ಮಾಡಿದ ಕ್ರಮವಂತೆ ಅದು. ಡಬ್ಬಿಯನ್ನು ಖಾಲಿ ತಂದು ಬೋರಲು ಹಿಡಿದರೆ ಸಾಕು. ನೋಡಿದವರು ಮುಖ ತಿರುಗಿಸಬೇಕು, ತಂದವಳಿಗೆ ನಾಚಿಕೆಯಾಗದಿರಲಿ ಎಂದು. ಒಮ್ಮೆ ಖಾಲಿ ಡಬ್ಬಿ ಬಂದ ಮನೆಗೆ, ಆ ಮನೆಯವರೇ ಇನ್ನು ಸಾಕು ಎನ್ನುವ ತನಕ ಹಿಟ್ಟು ಹೋಗುತ್ತಿತ್ತು.

"ಜನವರಿಯಿಂದ ನಾ ದಾರಿ ನೋಡ್ಲಿಕತ್ತಿದ್ದೆ," ಎಂದರು ಅಮ್ಮನವರು. "ಗೇಟ್ ಬಂದಾಗೇದ, ಇವರ ಡಬ್ಬಿ ಯಾಕ ಇನ್ನ ತುಂಬೇ ಬರ್ತದ ಅಂತ. ತುಂಬಿದ ಡಬ್ಬಿ ಮನಿಗಿ ನಾ ಹಿಟ್ಟು ಹ್ಯಾಂಗ ತರ್ಲಿ?"

ಅವರು ಹೋದ ಮೇಲೆ ನಾನು ಸಾಣಿಗೆ ತೆಗೆದುಕೊಂಡು ಕೂತೆ. ನಾಲ್ಕು ಬೊಗಸೆ ಹಾಕಿ ಆಡಿಸಿದೆ. ಬಿಳಿ ಹಿಟ್ಟೆಲ್ಲ ಕೆಳಗೆ ಇಳಿದು ಸಾಣಿಗೆಯಲ್ಲಿ ಕೆಂಪು ತೌಡು ಉಳಿಯಿತು. ಏಪ್ರಿಲ್ ತಿಂಗಳಿಡೀ ನಾನು ಸುರಿದದ್ದು. ಇನ್ನೂ ನಾಲ್ಕು ಬೊಗಸೆ ಹಾಕಿದೆ, ಮತ್ತೆ ತೌಡು. ಅದರಲ್ಲಿ ಗಿರಣಿಯ ಕಸಬರಿಗೆಯ ಕಡ್ಡಿಯೂ ಇತ್ತು. ಆ ಕಡ್ಡಿ ಬೆರಳಿಗೆ ಸಿಕ್ಕಾಗ ನಾನು ಅತ್ತುಬಿಟ್ಟೆ. ಬಾಯಿ ಮುಚ್ಚಿಕೊಂಡು ಅಳುವವಳಲ್ಲ ನಾನು, ಪಕ್ಕದ ಕೋಣೆಯವರಿಗೆ ಕೇಳುವಷ್ಟು ಜೋರಾಗಿ ಅತ್ತುಬಿಟ್ಟೆ. ನನ್ನದು ನನಗೇ ಬಂದದ್ದಕ್ಕೆ ಅಷ್ಟು ಸಂಕಟವಾಗಲಿಲ್ಲ. ಏಪ್ರಿಲ್ಲಿನ ಹಿಟ್ಟು ನಮ್ಮ ಮನೆಗೆ ಬಂತು. ಫೆಬ್ರವರಿಯದ್ದು, ಮಾರ್ಚಿನದ್ದು ಎಲ್ಲಿಗೆ ಹೋಗಿತ್ತು? ಯಾರದೋ ಮನೆಯ ಹೆಂಗಸು ಹೀಗೇ ಕೂತು ನನ್ನ ತೌಡನ್ನು ಸಾಣಿಸಿ ತೆಗೆದಿದ್ದಳು. ಫೆಬ್ರವರಿಯದ್ದು ಯಾರು ಎಂದು ನನಗೆ ಗೊತ್ತೇ ಇತ್ತು. ಜ್ವರದಿಂದ ಎದ್ದವಳ ಮಕ್ಕಳ ರೊಟ್ಟಿಯಲ್ಲಿ ನಾನು ಎಮ್ಮೆಯ ಮೇವು ಬೆರೆಸಿದ್ದೆ.

ಅತ್ತೆ ಮಂಚದಿಂದ ಇಳಿದು ತಡವರಿಸುತ್ತ ಬಂದು ನನ್ನ ಪಕ್ಕ ಕೂತರು. "ಅಳು ಆಮ್ಯಾಲ. ಮೊದಲ ಹಿಡಿ ಡಬ್ಬಿಗಿ ಹಾಕು," ಎಂದರು.

ಹಾಕಿದೆ. ಮೂರು ತಿಂಗಳ ನಂತರ ಆ ಡಬ್ಬಿಗೆ ಬಿದ್ದ ನಿಜವಾದ ಮೊದಲ ಹಿಡಿ ಅದು, ಅದೂ ಬೇರೆಯವರ ಹಿಟ್ಟು. ದೇವರ ಜೊತೆ ನಾನು ಎಷ್ಟು ದಿನ ಜಗಳವಾಡಿದ್ದೆ! ಮಾತು ತಪ್ಪಿದವನು ಎಂದು ಬೈದಿದ್ದೆ. ಅವನು ಜನವರಿಯಿಂದಲೂ ಚೀಲದ ಬಾಯಿ ಅಗಲಿಸಿ ಹಿಡಿಸಿಕೊಂಡು ಕಾಯುತ್ತಿದ್ದ. ನಾನೇ ತೌಡು ತುಂಬಿ ತುಂಬಿ ಅದನ್ನು ನಮ್ಮ ಮನೆಯಿಂದ ದೂರ ಇಟ್ಟಿದ್ದೆ. ನಾನು ಸುಳ್ಳು ಹೇಳಿದೆ, ಕದ್ದೆ, ಬೇರೆಯವರ ಅನ್ನಕ್ಕೆ ಕಲ್ಲು ಹಾಕಿದೆ. ಆದರೂ ಹಿಟ್ಟು ನನ್ನ ಬಾಗಿಲಿಗೆ ಬಂದಿತ್ತು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ನಾಚಿಕೆಗಿಂತ ಹೆಚ್ಚು ಸಮಾಧಾನವಾಗುತ್ತದೆ.

ಸಂಜೆ ನಮ್ಮ ಮನೆಯವರು ಬಂದು ಮೂಲೆಯಲ್ಲಿದ್ದ ಚೀಲ ನೋಡಿ ಬಾಗಿಲಲ್ಲೇ ನಿಂತರು. ಅವರು ಡಬ್ಬಿಯ ಮನೆಯಲ್ಲೇ ಬೆಳೆದವರು, ಹೇಳಬೇಕಾದದ್ದು ಏನೂ ಇರಲಿಲ್ಲ.

"ಪತ್ರ ಬರೀರಿ," ಎಂದೆ. "ಮಗಳು ಬರಂಗಿಲ್ಲ ಅಂತ ಬರೀರಿ."

"ಇದೆಷ್ಟ ದಿನ ಬರ್ತದ? ಸಭಾದವ್ರ ಹಿಟ್ಟಿನ ಮ್ಯಾಲ ಎಷ್ಟ ದಿನ ಕುಂದರೂದು?"

"ಗೇಟ್ ತೆರೆಯೂ ತನಕ. ಗೇಟ್ ತೆರೀಲಿಲ್ಲ ಅಂದ್ರ ನಿಮಗ ಬ್ಯಾರೆ ಕೆಲಸ ಸಿಗೂ ತನಕ. ನಾ ಸಾಕು ಅನ್ನೂ ತನಕ ಬರ್ತದ, ನಾ ಸಾಕು ಅನ್ನಂಗಿಲ್ಲ. ಸೊಕ್ಕಿಲೆ ಮೂರು ತಿಂಗಳು ಕಳದೀನಿ, ಇನ್ನ ಒಂದ ದಿನ ಕಳಿಯಂಗಿಲ್ಲ."

ಅವರು ಜೇಬಿನಿಂದ ಹಾಸ್ಟೆಲ್ಲಿನ ಪತ್ರ ತೆಗೆದರು. ಬೆವರಿಗೆ ಮೆತ್ತಗಾಗಿತ್ತು. ವಾರವಿಡೀ ಅದನ್ನು ಚೀಲ ಹೊರುವಾಗಲೂ ಜೇಬಿನಲ್ಲೇ ಇಟ್ಟುಕೊಂಡಿದ್ದರು ಎಂದು ಆಗ ತಿಳಿಯಿತು. ಅದರ ಹಿಂದಿನ ಖಾಲಿ ಜಾಗದಲ್ಲೇ ಉತ್ತರದ ಕರಡು ಬರೆದರು. ಸೀಟು ಬೇರೆ ಮಗುವಿಗೆ ಕೊಡಿ, ನಮ್ಮ ಮಗಳು ನಮ್ಮ ಹತ್ತಿರವೇ ಇರುತ್ತಾಳೆ ಎಂದು. ಮಗಳನ್ನು ರೈಲ್ವೆ ಹಳಿಯ ಆಚೆಯ ಮುನಿಸಿಪಾಲಿಟಿಯ ಮರಾಠಿ ಶಾಲೆಗೆ ಸೇರಿಸುವುದೆಂದು ಅಂದೇ ತೀರ್ಮಾನವಾಯಿತು.

ಆದರೆ ನನ್ನದು ಮುಗಿದಿರಲಿಲ್ಲ. ಹಿಟ್ಟು ಬಂತು, ಮಗಳು ಉಳಿದಳು ಎಂದು ಸುಮ್ಮನಾಗಬಹುದಿತ್ತು. ಅತ್ತೆ ಯಾರಿಗೂ ಹೇಳುತ್ತಿರಲಿಲ್ಲ. ಆ ತಿಂಗಳಿಡೀ ಹಿಡಿ ಹಾಕುವಾಗಲೆಲ್ಲ ಸಾಣಿಗೆಯ ಕೆಂಪು ತೌಡು ಕಣ್ಣ ಮುಂದೆ ಬರುತ್ತಿತ್ತು. ಜೂನ್ ಮೊದಲ ಭಾನುವಾರ, ಸಭೆಯಲ್ಲಿ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತೆ. ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಜನ ಮಗನಿಗೆ ನೌಕರಿ ಸಿಕ್ಕಿತು, ಕಾಯಿಲೆ ವಾಸಿಯಾಯಿತು ಎಂದು ಹೇಳುತ್ತಿದ್ದರು. ನಾನು ಬೆಂಚು ಹಿಡಿದುಕೊಂಡು ಹೇಳಿದೆ: ಫೆಬ್ರವರಿಯಿಂದ ಏಪ್ರಿಲ್ ತನಕ ಚೀಲದಲ್ಲಿ ತೌಡು ಸಿಕ್ಕಿದ್ದರೆ ಅದು ನಮ್ಮ ಡಬ್ಬಿಯದು. ಕಲೆಸಿದವಳು ನಾನು. ನನ್ನ ಅತ್ತೆಗೂ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿರಲಿಲ್ಲ. ದೇವರು ನನ್ನನ್ನು ಬಿಡಲಿಲ್ಲ, ನಾನು ಬಿಟ್ಟಿದ್ದೆ. ಅಷ್ಟು ಹೇಳಿ ಕೂತೆ. ಯಾರೂ ಸ್ತೋತ್ರ ಅನ್ನಲಿಲ್ಲ. ಏನನ್ನಬೇಕೆಂದು ಅವರಿಗೂ ತಿಳಿದಿರಲಿಕ್ಕಿಲ್ಲ. ಅಯ್ಯನವರು ಹಾಡು ಎತ್ತಿದರು.

ಸಭೆ ಮುಗಿದ ಮೇಲೆ ಚೀಲದ ಬಳಿ ನಮ್ಮ ಡಬ್ಬಿ ಸುರಿದೆ. ಎಲ್ಲರೂ ನೋಡಿದರು, ಈ ಸಲ ಮುಖ ತಿರುಗಿಸಲಿಲ್ಲ. ನನ್ನ ಹಿಂದೆಯೇ ಸೊಪ್ಪಿನವಳಿದ್ದಳು. ಅವಳು ತನ್ನ ಡಬ್ಬಿ ಸುರಿದಳು. ತುಂಬ ಹಿಟ್ಟಿತ್ತು, ನಮ್ಮದಕ್ಕಿಂತ ಎರಡರಷ್ಟು. ಬಡವಿ ಇಷ್ಟು ಹೇಗೆ ತಂದಳು ಎಂದು ನೋಡುತ್ತಿರುವಾಗ ಅವಳು ನನ್ನ ಮೊಣಕೈ ಹಿಡಿದು ಕಿಟಕಿಯ ಬಳಿಗೆ ಕರೆದೊಯ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಬಂದಿದ್ದೆ.

"ತಪ್ಪಾತ್ರಿ," ಎಂದೆ. "ನಿಮ್ಮ ಮಕ್ಕಳ ಬಾಯಿಗಿ ತೌಡು ಹಾಕೀನಿ."

"ಸಾಣ್ಸಿ ತಗದ್ನಲ್ಲ, ಮಕ್ಕಳು ಹಿಟ್ಟೇ ಉಂಡಾವ," ಎಂದಳು. "ಸಾಣ್ಸೂ ಮುಂದ ಗೊತ್ತಾತು. ಯಾವುದೋ ಮನ್ಯಾಗ ಹಿಟ್ಟ ಇಲ್ಲ, ಹೇಳ್ಲಿಕ್ಕೂ ಆಗವಲ್ದು ಅಂತ. ಯಾವ ಮನಿ ಅಂತ ತಿಳೀಲಿಲ್ಲ. ಅದಕ ಅಂದಿನಿಂದ ನಾ ದಿನಾ ಎರಡ ಹಿಡಿ ಹಾಕ್ಲಿಕತ್ತೀನಿ. ಒಂದು ನಂದು, ಇನ್ನೊಂದು ಆ ಮನೀದು."

ಅವಳು ಖಾಲಿ ಡಬ್ಬಿಯ ಮುಚ್ಚಳ ಒತ್ತಿ ಕಂಕುಳಿಗೆ ಇಟ್ಟುಕೊಂಡಳು.

"ಇನ್ನ ನಿಮ್ಮ ಹಿಡಿ ನೀವ ಹಾಕ್ತೀರಲ್ಲ?" ಎಂದು ಕೇಳಿದಳು. "ನಾ ನಿಲ್ಲಸ್ಲೇನು?"